ಜಾಮೀನು ನಿಂತವರು ಯಾರು?

ರಜೆಗೆ ಊರಿಗೆ ಹೋದಾಗಲೆಲ್ಲ ನಮ್ಮವರು ಕೇಳುವ ಪ್ರಶ್ನೆ ಒಂದಿದೆ. "ಮುಂಬೈಯಲ್ಲಿ ನಿಮಗೆ ಕಷ್ಟ ಆಗುದಿಲ್ವಾ?" ಕಷ್ಟ ಆಗದೆ ಏನು? ಲೋಕಲ್ ರೈಲಿನ ನೂಕುನುಗ್ಗಲು, ಬೆಂಕಿಪೊಟ್ಟಣದಂಥ ಮನೆ, ಮಳೆಗಾಲದಲ್ಲಿ ಮೊಣಕಾಲುದ್ದದ ನೀರು, ಎಲ್ಲವನ್ನೂ ಕಂಡವರು ನಾವು. ನಮಗಿಂತ ಹಿಂದಿನವರು 1960ರ ದಶಕದ ಕೊನೆಯಲ್ಲಿ ದಕ್ಷಿಣದವರ ವಿರುದ್ಧ ಎದ್ದ ಚಳವಳಿಯನ್ನೂ ಕಂಡಿದ್ದಾರೆ. ಹೋಟೆಲಿನ ಗಾಜು ಒಡೆದದ್ದನ್ನು ನೋಡಿದ್ದಾರೆ. ಆದರೆ ಒಂದು ಕಷ್ಟ ಮಾತ್ರ ನಮಗೆ ಯಾರಿಗೂ ಬರಲಿಲ್ಲ. ಇಲ್ಲಿ ಇರುವುದಕ್ಕೆ ನಾವು ಯಾರ ಸಹಿಯನ್ನೂ ಕೇಳಬೇಕಾಗಿರಲಿಲ್ಲ. ನನ್ನ ಬ್ಯಾಂಕು ನನ್ನನ್ನು ವರ್ಗ ಮಾಡಬಹುದಿತ್ತು, ಸಸ್ಪೆಂಡ್ ಮಾಡಬಹುದಿತ್ತು, ಮನೆಗೇ ಕಳಿಸಬಹುದಿತ್ತು. ಆದರೆ "ನಾಳೆಯಿಂದ ನೀನು ಮುಂಬೈಯಲ್ಲಿ ಇರಕೂಡದು" ಎನ್ನುವ ಅಧಿಕಾರ ಅದಕ್ಕಿರಲಿಲ್ಲ. ದೇಶದ ಯಾವ ಭಾಗದಲ್ಲಾದರೂ ಓಡಾಡುವ, ನೆಲೆಸುವ ಹಕ್ಕನ್ನು ಸಂವಿಧಾನದ 19ನೇ ವಿಧಿ ಕೊಟ್ಟಿದೆ. ಗಾಳಿಯ ಹಾಗೆ ಅದು ಇದ್ದದ್ದರಿಂದ ನಾನು ಅದರ ಬಗ್ಗೆ ಯೋಚಿಸಿಯೇ ಇರಲಿಲ್ಲ. ಅದರ ಬೆಲೆ ತಿಳಿದದ್ದು 2006ರಲ್ಲಿ, ಒಂದು ಸಾಲದ ಅರ್ಜಿಯಿಂದ.

ಆಗ ನಾನು ಮುಂಬೈಯ ಉಪನಗರವೊಂದರ ಬ್ರಾಂಚಿನಲ್ಲಿ ಮ್ಯಾನೇಜರ್. ಒಂದು ದಿನ ಅಪ್ಪ, ಮಗಳು ಇಬ್ಬರೂ ಬಂದು ಕುಳಿತರು. ಅಪ್ಪ ನಮ್ಮ ಕಡೆಯವರೇ, ಕುಂದಾಪುರದ ಆಚೆಯವರು. 1960ರ ದಶಕದಲ್ಲಿ ಮುಂಬೈಗೆ ಬಂದು ಮಹಾನಗರಪಾಲಿಕೆಯ ಕನ್ನಡ ಮಾಧ್ಯಮ ಶಾಲೆಯಲ್ಲಿ ಮೇಷ್ಟ್ರಾಗಿ ನಿವೃತ್ತರಾದವರು. ಹೋಟೆಲ್ ಹುಡುಗರಿಗೆ ರಾತ್ರಿ ಶಾಲೆಯಲ್ಲೂ ಪಾಠ ಹೇಳಿದವರು. ಮಗಳು ಒಂದು ಇಂಗ್ಲಿಷ್ ಶಾಲೆಯಲ್ಲಿ ಗಣಿತದ ಟೀಚರ್. ಅಮೆರಿಕದ ಒಂದು ಸರಕಾರಿ ಶಾಲೆಯಲ್ಲಿ ಆಕೆಗೆ ಕೆಲಸ ಸಿಕ್ಕಿತ್ತು. ವರ್ಷಕ್ಕೆ ಸುಮಾರು 40 ಸಾವಿರ ಡಾಲರ್ ಸಂಬಳ, ಆಗಿನ ಲೆಕ್ಕದಲ್ಲಿ 18 ಲಕ್ಷ ರೂಪಾಯಿ. ಕೆಲಸ ಕೊಡಿಸಿದ ಏಜೆನ್ಸಿಗೆ, ವಕೀಲರಿಗೆ, ವೀಸಾಕ್ಕೆ, ಟಿಕೆಟ್ಟಿಗೆ ಅಂತ ಒಟ್ಟು 5 ಲಕ್ಷ ಬೇಕು. ತಾಯಿಯ ಬಂಗಾರ ಅಡವಿಟ್ಟು, ನೆಂಟರಿಂದ ತಂದು 2 ಲಕ್ಷ ಕೂಡಿಸಿದ್ದರು. ಉಳಿದ 3 ಲಕ್ಷಕ್ಕೆ ನನ್ನ ಹತ್ತಿರ ಬಂದಿದ್ದರು.

ನಾನು ಸಂಬಳದ ಪತ್ರ ನೋಡಿದೆ. ಮರುಪಾವತಿ ಸಾಮರ್ಥ್ಯ ಲೆಕ್ಕ ಹಾಕಿದೆ. "ಜಾಮೀನು ಯಾರು ನಿಲ್ತಾರೆ?" ಅಂತ ಕೇಳಿದೆ. "ನಾನಿದ್ದೇನಲ್ಲ" ಎಂದರು ಮೇಷ್ಟ್ರು. ಅವರ ಪೆನ್ಶನ್ ಖಾತೆ ನಮ್ಮಲ್ಲೇ ಇತ್ತು. ಐದು ವರ್ಷದ ಅವಧಿಗೆ ಸಾಲ ಮಂಜೂರಾಯಿತು. ಹೋಗುವ ಮುಂಚೆ ಆ ಹುಡುಗಿ ಬ್ರಾಂಚಿನವರಿಗೆಲ್ಲ ಪೇಡೆ ಹಂಚಿದಳು.

2008ರ ಬೇಸಿಗೆಯಲ್ಲಿ ಅಲ್ಲಿನ ಶಾಲೆಯ ಬಜೆಟ್ ಕಡಿತವಾಯಿತು. ತೆಗೆದುಹಾಕಿದವರ ಪಟ್ಟಿಯಲ್ಲಿ ಆಕೆಯ ಹೆಸರೂ ಇತ್ತು. ಪಾಸ್‌ಪೋರ್ಟಿನಲ್ಲಿ ಇನ್ನೂ ಒಂದು ವರ್ಷದ ವೀಸಾ ಇತ್ತು. ಆದರೆ ಆ ವೀಸಾ ಆ ಶಾಲೆಯ ಕೆಲಸಕ್ಕೆ ಅಂಟಿಕೊಂಡದ್ದು. ಕೆಲಸ ಹೋದ ದಿನವೇ ಅಲ್ಲಿರುವ ಹಕ್ಕೂ ಹೋಯಿತು. ಇನ್ನೊಂದು ಶಾಲೆ ಹುಡುಕಲು ಅರವತ್ತು ದಿನದವರೆಗೆ ಅವಕಾಶ ಕೊಡುವ ನಿಯಮ ಅಮೆರಿಕದಲ್ಲಿ ಬಂದದ್ದು 2017ರಲ್ಲಿ. ಕಾರು, ಕುರ್ಚಿ, ಮಂಚ ಎಲ್ಲ ಬಂದ ಬೆಲೆಗೆ ಮಾರಿ ವಾಪಸು ಬಂದಳು. ಅವಧಿಗೆ ಮುಂಚೆ ಕೆಲಸದಿಂದ ತೆಗೆದರೆ ಊರಿಗೆ ಮರಳುವ ಖರ್ಚನ್ನು ಕೆಲಸ ಕೊಟ್ಟವರೇ ಕೊಡಬೇಕೆಂಬ ಕಾನೂನು ಅಲ್ಲಿ ಆಗಲೂ ಇತ್ತು. ಅದು ಆಕೆಗೆ ತಿಳಿದದ್ದು ಊರಿಗೆ ಬಂದ ಮೇಲೆ.

ಮೂರು ಕಂತು ನಿಂತವು. ನಿಯಮದ ಪ್ರಕಾರ ಜಾಮೀನುದಾರರಿಗೆ ನೋಟಿಸು ಹೋಯಿತು. ಅದಕ್ಕೆ ಸಹಿ ಹಾಕಿದವನು ನಾನೇ. ಮೇಷ್ಟ್ರು ನೋಟಿಸು ಹಿಡಿದುಕೊಂಡೇ ಬಂದರು. ಸಿಟ್ಟಿರಲಿಲ್ಲ. "ನಾನು ಜಾಮೀನು ನಿಂತದ್ದು ಹೌದು, ಕಟ್ತೇನೆ. ಒಂದು ಮಾತು ಕೇಳ್ಬೇಕು ಅನಿಸ್ತದೆ. ಅಲ್ಲಿ ಅವಳಿಗೆ ಸ್ಪಾನ್ಸರ್ ಅಂತ ಒಬ್ರು ಇದ್ರಲ್ಲ, ಅವರು ಯಾವುದಕ್ಕೆ ಜಾಮೀನು ನಿಂತದ್ದು?"

ಈ ಪ್ರಶ್ನೆಗೆ ಆ ದಿನ ನನ್ನಲ್ಲಿ ಉತ್ತರ ಇರಲಿಲ್ಲ. ಈ ಬರಹ ಆ ಉತ್ತರವನ್ನು ತಡವಾಗಿ ಹುಡುಕುವ ಪ್ರಯತ್ನ.

ಜಾಮೀನು ಎಂದರೇನೆಂದು ಬ್ಯಾಂಕಿನವನಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ನಮ್ಮ ಕರಾರು ಕಾಯಿದೆಯ 128ನೇ ಕಲಮಿನ ಪ್ರಕಾರ ಸಾಲಗಾರನ ಹೊಣೆ ಎಷ್ಟೋ ಜಾಮೀನುದಾರನ ಹೊಣೆಯೂ ಅಷ್ಟೇ. ಇನ್ನೊಬ್ಬ ಬಿದ್ದರೆ ನಾನು ಹೊರುತ್ತೇನೆ ಎನ್ನುವುದೇ ಅದರ ಅರ್ಥ. ಸ್ಪಾನ್ಸರ್ ಎಂಬ ಶಬ್ದ ಕೇಳಿದಾಗ ನಮ್ಮ ಮನಸ್ಸಿಗೆ ಬರುವುದೂ ಇದೇ ಚಿತ್ರ: ಪರದೇಶದಲ್ಲಿ ನಮ್ಮ ಪರವಾಗಿ ನಿಂತು "ಈಕೆ ನಮ್ಮವಳು, ನಾವು ನೋಡಿಕೊಳ್ಳುತ್ತೇವೆ" ಎನ್ನುವ ಒಬ್ಬ ಹಿರಿಯ. ಆದರೆ ಕಾಗದ ಬಿಡಿಸಿ ನೋಡಿದರೆ ಸಂಗತಿ ತಲೆಕೆಳಗಾಗಿದೆ. ಶಿಕ್ಷಕಿ ತಪ್ಪಿದರೆ ಶಿಕ್ಷಕಿಗೆ ನಷ್ಟ. ಶಾಲೆಗೆ ದುಡ್ಡು ಸಾಲದಾದರೂ ಶಿಕ್ಷಕಿಗೇ ನಷ್ಟ. ಕೊನೆಗೆ ಸ್ಪಾನ್ಸರ್ ತಾನೇ ತಪ್ಪು ಮಾಡಿದರೂ ಪೆಟ್ಟು ಬೀಳುವುದು ಶಿಕ್ಷಕಿಗೆ.

ಕೊನೆಯ ಮಾತು ಉತ್ಪ್ರೇಕ್ಷೆ ಅನ್ನಿಸಬಹುದು. ನಡೆದದ್ದನ್ನೇ ಹೇಳುತ್ತೇನೆ. ವಾಷಿಂಗ್ಟನ್ ನಗರಕ್ಕೆ ತಾಗಿಕೊಂಡ ಮೇರಿಲ್ಯಾಂಡ್ ರಾಜ್ಯದ ಪ್ರಿನ್ಸ್ ಜಾರ್ಜಸ್ ಕೌಂಟಿಯ ಶಾಲಾ ಆಡಳಿತ, ಎಚ್-1ಬಿ ವೀಸಾದಲ್ಲಿ ಸಾವಿರಕ್ಕೂ ಹೆಚ್ಚು ವಿದೇಶಿ ಶಿಕ್ಷಕರನ್ನು ತರಿಸಿಕೊಂಡಿತ್ತು. ಹೆಚ್ಚಿನವರು ಫಿಲಿಪ್ಪೀನ್ಸಿನವರು. ಈ ವೀಸಾದ ಅರ್ಜಿ ಶುಲ್ಕ, ವಕೀಲರ ಖರ್ಚು ಕೆಲಸ ಕೊಡುವವರೇ ಭರಿಸಬೇಕೆಂಬುದು ಅಲ್ಲಿನ ನಿಯಮ. ಇಲ್ಲಿ ಅದನ್ನು ಶಿಕ್ಷಕರೇ ಕಟ್ಟಿದ್ದರು. 2011ರಲ್ಲಿ ಅಮೆರಿಕದ ಕಾರ್ಮಿಕ ಇಲಾಖೆ ಇದನ್ನು ಹಿಡಿಯಿತು. ಶಿಕ್ಷಕರಿಗೆ ಸುಮಾರು 42 ಲಕ್ಷ ಡಾಲರ್ ವಾಪಸು ಕೊಡಬೇಕೆಂದು ಒಪ್ಪಂದವಾಯಿತು. ನ್ಯಾಯ ಸಿಕ್ಕಿತು ಅನ್ನಿ. ಆದರೆ ಜೊತೆಗೆ ಇನ್ನೊಂದು ದಂಡನೆಯೂ ಇತ್ತು: ಎರಡು ವರ್ಷ ಈ ಆಡಳಿತ ಯಾರನ್ನೂ ಸ್ಪಾನ್ಸರ್ ಮಾಡುವಂತಿಲ್ಲ, ಹಳಬರ ವೀಸಾ ನವೀಕರಿಸುವಂತಿಲ್ಲ. ಆ ಅವಧಿಯಲ್ಲಿ ವೀಸಾ ಮುಗಿದ ಶಿಕ್ಷಕರು ಕೆಲಸ ಕಳೆದುಕೊಂಡರು. ಮೋಸ ಮಾಡಿದ್ದು ಆಡಳಿತ, ಊರು ಬಿಡಬೇಕಾದದ್ದು ಮೋಸ ಹೋದವರು. ಸಾಲಗಾರನ ತಪ್ಪಿಗೆ ಜಾಮೀನುದಾರನನ್ನು ಹಿಡಿಯುವುದನ್ನು ಮೂವತ್ತು ವರ್ಷ ಮಾಡಿದವನು ನಾನು. ಜಾಮೀನುದಾರನ ತಪ್ಪಿಗೆ ಸಾಲಗಾರನನ್ನು ಹಿಡಿಯುವ ಪದ್ಧತಿಯನ್ನು ನೋಡಿದ್ದು ಇಲ್ಲೇ.

ಲೂಸಿಯಾನಾ ರಾಜ್ಯದಲ್ಲಿ ನಡೆದದ್ದು ಇನ್ನೂ ಕಠಿಣ. 2007ರಿಂದ ಅಲ್ಲಿನ ಶಾಲೆಗಳಿಗೆ ಸುಮಾರು 350 ಫಿಲಿಪ್ಪೀನ್ಸ್ ಶಿಕ್ಷಕರನ್ನು ಕರೆತಂದ ಏಜೆನ್ಸಿ, ತಲೆಗೆ ಸುಮಾರು 16 ಸಾವಿರ ಡಾಲರಿನವರೆಗೂ ವಸೂಲಿ ಮಾಡಿತ್ತು. ಊರಿನಲ್ಲಿ ಅವರ ಎಷ್ಟೋ ವರ್ಷದ ಸಂಬಳಕ್ಕೆ ಸಮನಾದ ಹಣ ಅದು. ಸಾಲ ತಂದೇ ಕಟ್ಟಿದ್ದರು. ಎರಡನೇ ವರ್ಷದ ಸಂಬಳದಲ್ಲೂ ಪಾಲು ಕೇಳಿದಾಗ ಕೆಲವರು ಧೈರ್ಯ ಮಾಡಿ ಕೋರ್ಟಿಗೆ ಹೋದರು. 2012ರ ಡಿಸೆಂಬರಿನಲ್ಲಿ ಜ್ಯೂರಿ ಅವರಿಗೆ 45 ಲಕ್ಷ ಡಾಲರ್ ಕೊಡಬೇಕೆಂದು ತೀರ್ಪಿತ್ತಿತು. ಐದು ವರ್ಷ ಹಿಡಿಯಿತು.

ಇಷ್ಟು ಹೇಳಿದ ಮೇಲೆ ಎದುರಿನ ಮಾತನ್ನೂ ಹೇಳಬೇಕು. ಲೆಡ್ಜರಿಗೆ ಎರಡು ಬದಿ ಇರುತ್ತವಲ್ಲ.

ಮೊದಲನೆಯದು: ಯಾರನ್ನು ಒಳಗೆ ಬಿಡಬೇಕೆಂದು ತೀರ್ಮಾನಿಸುವ ಹಕ್ಕು ಪ್ರತಿ ದೇಶಕ್ಕೂ ಇದೆ. ಶಾಲೆಗೆ ಗಣಿತದ ಟೀಚರ್ ಬೇಕು ಅಂತ ಬಿಟ್ಟುಕೊಂಡವಳು ಅಲ್ಲಿ ಇನ್ನೇನೋ ಮಾಡಿಕೊಂಡಿದ್ದರೆ ಬಿಟ್ಟ ಉದ್ದೇಶವೇ ಹಾಳು. ಎರಡನೆಯದು: ಶಾಲೆಯೂ ಖರ್ಚು ಮಾಡುತ್ತದೆ. ಆರು ತಿಂಗಳಿಗೆ ಟೀಚರ್ ಬೇರೆ ಊರಿಗೆ ಹಾರಿದರೆ ಮಕ್ಕಳ ಗತಿ ಏನು? ಮೂರನೆಯದು: ಸಂಬಳದಲ್ಲಿ ಮೋಸವಿಲ್ಲ. ಸ್ಥಳೀಯ ಶಿಕ್ಷಕರಿಗೆ ಇರುವ ವೇತನವೇ ಇವರಿಗೂ ಸಿಗಬೇಕೆಂದು ಎಚ್-1ಬಿ ನಿಯಮವೇ ಹೇಳುತ್ತದೆ. ಇನ್ನೊಂದು ಶಾಲೆ ಸ್ಪಾನ್ಸರ್ ಮಾಡಲು ಮುಂದೆ ಬಂದರೆ ಬದಲಾಯಿಸಲೂಬಹುದು. ನಾಲ್ಕನೆಯದು, ಎಲ್ಲಕ್ಕಿಂತ ಗಟ್ಟಿಯಾದದ್ದು: ಯಾರೂ ಕುತ್ತಿಗೆ ಹಿಡಿದು ಸಹಿ ಹಾಕಿಸಲಿಲ್ಲ. ಓದಿದವರು, ಲೆಕ್ಕ ಬಲ್ಲವರು, ತಾವಾಗಿ ಸಹಿ ಹಾಕಿದರು.

ಮೊದಲ ಮೂರನ್ನು ನಾನು ಒಪ್ಪುತ್ತೇನೆ. ನಾಲ್ಕನೆಯದರ ಹತ್ತಿರ ಮಾತ್ರ ನನಗೆ ತಡೆಯಾಗುತ್ತದೆ. ಎಂ.ಕಾಂ. ಓದುವಾಗ ಕರಾರು ಕಾಯಿದೆಯ 16ನೇ ಕಲಮು ಬಾಯಿಪಾಠ ಮಾಡಿದ್ದೆವು. ಒಬ್ಬರು ಇನ್ನೊಬ್ಬರ ಇಚ್ಛೆಯ ಮೇಲೆ ಹಿಡಿತ ಸಾಧಿಸುವ ಸ್ಥಾನದಲ್ಲಿದ್ದು, ಆ ಸ್ಥಾನವನ್ನು ಬಳಸಿ ಅನ್ಯಾಯದ ಲಾಭ ಪಡೆದರೆ, ಸಹಿ ಇದ್ದ ಮಾತ್ರಕ್ಕೆ ಒಪ್ಪಿಗೆ ಆಗುವುದಿಲ್ಲ ಎಂಬುದು ಅದರ ಸಾರ. ಆ ಹುಡುಗಿ ಮುಂಬೈಯಲ್ಲಿ ಹಾಕಿದ ಮೊದಲ ಸಹಿ ಸ್ವಂತದ್ದು, ಸರಿ. ಆದರೆ 5 ಲಕ್ಷ ಸಾಲ ತಲೆಯ ಮೇಲೆ ಹೊತ್ತು, ಸಾವಿರಾರು ಮೈಲಿ ಆಚೆ ಹೋಗಿ ಇಳಿದ ಮೇಲೆ ಹೇಳಿದ ಪ್ರತಿಯೊಂದು "ಆಗಲಿ ಸರ್" ಕೂಡ ಸ್ವಂತದ್ದೇ?

ಆಕೆಯೇ ಒಮ್ಮೆ ಹೇಳಿದ್ದಾಳೆ. ಎರಡನೇ ವರ್ಷ ಪರೀಕ್ಷೆ ಆದ ಮೇಲೆ, ಅರ್ಧ ಪಾಠವೂ ಬಾರದ ಹತ್ತು ಮಕ್ಕಳನ್ನು ಪಾಸು ಮಾಡಲು ಮೇಲಿನವರು ಸೂಚಿಸಿದರಂತೆ. ಪಕ್ಕದ ಕ್ಲಾಸಿನ ಅಮೆರಿಕನ್ ಟೀಚರ್ ಆಗುವುದಿಲ್ಲ ಎಂದಳು. ಈಕೆ ಅಂಕ ತಿದ್ದಿದಳು. "ನವೀಕರಣದ ಅರ್ಜಿಗೆ ಅವರೇ ಸಹಿ ಹಾಕ್ಬೇಕಿತ್ತು ಅಂಕಲ್. ಅಪ್ಪ ಜಾಮೀನು ನಿಂತದ್ದು ನೆನಪಾಯ್ತು" ಅಂದಳು. ಹೀಗೆ ನನ್ನ ಬ್ಯಾಂಕಿನ ಜಾಮೀನು ಪತ್ರವೂ ಆ ಕ್ಲಾಸಿನಲ್ಲಿ ಬಂದು ಕೂತಿತ್ತು ಎಂದು ನನಗೆ ಗೊತ್ತಾದದ್ದು ಆಗ.

ಅದನ್ನು ಕೇಳಿ ಮೇಷ್ಟ್ರು ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ ತಮ್ಮದೊಂದು ಕತೆ ಹೇಳಿದರು. ಮಕ್ಕಳ ಹಾಜರಿ ಹೆಚ್ಚು ತೋರಿಸಬೇಕೆಂದು ಮೇಲಧಿಕಾರಿ ಹೇಳಿದಾಗ ಅವರು ಒಪ್ಪಲಿಲ್ಲವಂತೆ. ಶಿಕ್ಷೆಯಾಗಿ ದೂರದ ಶಾಲೆಗೆ ವರ್ಗವಾಯಿತು; ಎರಡು ರೈಲು ಬದಲಿಸಿ ಹೋಗಬೇಕಾಯಿತು. "ಅಷ್ಟೇ ಆದದ್ದು. ನನ್ನ ರೇಶನ್ ಕಾರ್ಡು ನನ್ನ ಹತ್ರಾನೇ ಇತ್ತಲ್ಲ" ಎಂದರು. ಮಗಳಿಗಿಂತ ತಾನು ಧೈರ್ಯವಂತ ಎಂದು ಹೇಳಿಕೊಳ್ಳಲು ಅವರು ಈ ಮಾತು ಆಡಲಿಲ್ಲ. ಧೈರ್ಯ ಅಗ್ಗವಾಗಿದ್ದ ಕಾಲದಲ್ಲಿ ತಾನಿದ್ದೆ, ಅವಳಿಗೆ ಅದು ತುಟ್ಟಿಯಾಗಿತ್ತು ಎನ್ನುವುದಕ್ಕೆ ಆಡಿದರು.

ನನ್ನ ಮಟ್ಟಿಗೆ ಇಡೀ ವಿಷಯದ ಗಂಟು ಇಲ್ಲಿದೆ. ಅನ್ನ ಕೊಡುವವನು ಬೇರೆ, ನೆಲ ಕೊಡುವವನು ಬೇರೆ ಆಗಿದ್ದರೆ ಮನುಷ್ಯ ಒಬ್ಬನಿಗೆ ಇಲ್ಲ ಎನ್ನಬಲ್ಲ. ಎರಡೂ ಒಂದೇ ಕೈಯಲ್ಲಿದ್ದರೆ ಆ ಕೈಯವನು ಒಳ್ಳೆಯವನೇ ಇದ್ದರೂ ಇವನು ತಲೆಯೆತ್ತಲಾರ. ಉಂಡ ಮನೆಗೆ ಎರಡು ಬಗೆಯಬಾರದು ಎನ್ನುವ ಸಂಸ್ಕಾರದಲ್ಲಿ ಬೆಳೆದ ನಮ್ಮವರಿಗಂತೂ ಈ ಹಂಗು ಇನ್ನೂ ಭಾರ. ಸಂಬಳ ದುಡಿಮೆಗೆ ಸಿಕ್ಕದ್ದು, ಉಪಕಾರ ಅಲ್ಲ ಎಂಬುದನ್ನೇ ಮರೆತುಬಿಡುತ್ತೇವೆ. ಬೇರೆ ಕೆಲಸದಲ್ಲಾದರೆ ಇದು ಕೆಲಸಗಾರನೊಬ್ಬನ ಸಂಕಟ ಅಂತ ಬಿಡಬಹುದು. ಮೇಷ್ಟ್ರ ಕೆಲಸದಲ್ಲಿ ಹಾಗಲ್ಲ. ಹೆದರಿದ ಗುಮಾಸ್ತ ತನ್ನ ಪುಸ್ತಕ ಕೆಡಿಸುತ್ತಾನೆ, ಹೆದರಿದ ಮೇಷ್ಟ್ರು ಮಕ್ಕಳನ್ನು ಕೆಡಿಸುತ್ತಾರೆ. ಸ್ಪಾನ್ಸರ್ ಪದ್ಧತಿಯಿಂದ ನಷ್ಟ ಬರೀ ಪರದೇಶಿ ಟೀಚರಿಗೆ ಅಲ್ಲ, ಯಾವ ಮಕ್ಕಳಿಗಾಗಿ ಆಕೆಯನ್ನು ಕರೆಸಿದರೋ ಆ ಮಕ್ಕಳಿಗೂ ಹೌದು.

ಇನ್ನು ಬಿಟ್ಟುಹೋದ ಮಕ್ಕಳು. ಆಕೆ ಕಲಿಸುತ್ತಿದ್ದ ಇಲ್ಲಿನ ಶಾಲೆಯಲ್ಲಿ ಗಣಿತಕ್ಕೆ ಎಷ್ಟೋ ತಿಂಗಳು ಯಾರೂ ಇರಲಿಲ್ಲ ಎಂದು ಕೇಳಿದ್ದೇನೆ. ಜಮೈಕಾ, ದಕ್ಷಿಣ ಆಫ್ರಿಕಾದಂಥ ದೇಶಗಳಿಂದ ಬ್ರಿಟನ್ ಶಿಕ್ಷಕರನ್ನು ಕರೆಸಿಕೊಳ್ಳತೊಡಗಿದಾಗ ಇದೇ ದೂರು ಎದ್ದಿತ್ತು. ಅದರ ಫಲವಾಗಿ 2004ರಲ್ಲಿ ಕಾಮನ್‌ವೆಲ್ತ್ ದೇಶಗಳು ಶಿಕ್ಷಕರ ನೇಮಕಾತಿಗೆ ಒಂದು ಒಡಂಬಡಿಕೆ ಮಾಡಿಕೊಂಡವು. ಶಿಕ್ಷಕರಿಗೆ ಹೊರಗೆ ಹೋಗುವ ಹಕ್ಕಿದೆ, ಆದರೆ ಶೈಕ್ಷಣಿಕ ವರ್ಷದ ನಡುವೆ ಎಬ್ಬಿಸಿಕೊಂಡು ಹೋಗಬಾರದು ಎಂಬ ಧಾಟಿಯ ಮಾತುಗಳು ಅದರಲ್ಲಿವೆ. ಒಳ್ಳೆಯ ಮಾತುಗಳೇ. ಆದರೆ ಕಾನೂನಿನ ಬಲವಿಲ್ಲ, ಅಮೆರಿಕ ಆ ಕೂಟದಲ್ಲೂ ಇಲ್ಲ. ಹಾಗಂತ "ನೀನು ಹೋಗಬೇಡ, ಇಲ್ಲೇ ಆರು ಸಾವಿರಕ್ಕೆ ದುಡಿ" ಎಂದು ಆಕೆಗೆ ಹೇಳುವ ನೈತಿಕ ಅಧಿಕಾರ ಯಾರಿಗಿದೆ? ನನಗಂತೂ ಇಲ್ಲ. ಊರು ಬಿಟ್ಟು ಮುಂಬೈಗೆ ಬಂದವನು ನಾನು. ಕರಾವಳಿಯ ಎಷ್ಟೋ ಶಾಲೆಗಳಿಗೆ ದಕ್ಕಬಹುದಾಗಿದ್ದ ಮೇಷ್ಟ್ರುಗಳು ಮುಂಬೈಯ ಕನ್ನಡ ಶಾಲೆಗಳಿಗೆ ಬಂದವರೇ. ಹೋಗುವುದು ತಪ್ಪಲ್ಲ. ಹೋದವರನ್ನು ಕಟ್ಟಿಹಾಕುವ ರೀತಿ ತಪ್ಪು.

ನಮ್ಮ ಸರಕಾರದ ಕಾವಲೂ ಇವರಿಗೆ ಅಷ್ಟಕ್ಕಷ್ಟೇ. 1983ರ ವಲಸೆ ಕಾಯಿದೆಯ ಅಡಿಯಲ್ಲಿ, ಹತ್ತನೇ ತರಗತಿ ಪಾಸಾಗದವರು ಗಲ್ಫಿನಂಥ ಕೆಲವು ದೇಶಗಳಿಗೆ ಕೆಲಸಕ್ಕೆ ಹೋಗುವಾಗ ಕರಾರು ಪತ್ರ ನೋಡಿ ಅನುಮತಿ ಕೊಡುವ ಏರ್ಪಾಡು ಇದೆ. ಓದಿದವರಿಗೆ ಅದು ಬೇಡ, ಅವರೇ ನೋಡಿಕೊಳ್ಳುತ್ತಾರೆ ಎಂಬ ನಂಬಿಕೆ. ಬಿ.ಎಡ್. ಮಾಡಿದ ಟೀಚರು ಆ ಬಾಗಿಲಲ್ಲಿ ನಿಲ್ಲುವುದೇ ಇಲ್ಲ. ಲೆಕ್ಕ ಕಲಿಸುವವಳಿಗೆ ಕರಾರಿನ ಸಣ್ಣ ಅಕ್ಷರ ಗೊತ್ತಿರುತ್ತದೆ ಎಂದುಕೊಳ್ಳುವುದು, ನನಗೆ ಗೊತ್ತಿದ್ದಂತೆ, ಸುಳ್ಳು.

ಹಾಗಾದರೆ ಏನು ಮಾಡಬೇಕು? ಬ್ಯಾಂಕಿನ ತಿಜೋರಿಗೆ ಎರಡು ಕೀಲಿ ಇರುತ್ತವೆ, ಇಬ್ಬರು ಆಫೀಸರರ ಹತ್ತಿರ. ಯಾರ ಮೇಲೂ ಅಪನಂಬಿಕೆ ಇದೆಯೆಂದಲ್ಲ. ಎರಡೂ ಕೀಲಿ ಒಬ್ಬನ ಜೇಬಿನಲ್ಲಿದ್ದರೆ ಒಳ್ಳೆಯವನಿಗೂ ಒಳ್ಳೆಯದಲ್ಲ. ಹಾಗೆಯೇ ಶಾಲೆ ಕೆಲಸದ ಕೀಲಿ ಇಟ್ಟುಕೊಳ್ಳಲಿ. ವಾಸದ ಕೀಲಿ, ಅವಧಿ ಮುಗಿಯುವವರೆಗೆ, ಶಿಕ್ಷಕಿಯ ಹೆಸರಿನಲ್ಲಿ ಸರಕಾರದ ಹತ್ತಿರ ಇರಲಿ. ಈ ಶಾಲೆ ಬೇಡ ಎಂದರೆ ಶಿಕ್ಷಕರಿಲ್ಲದ ಇನ್ನೊಂದು ಶಾಲೆಗೆ ಹೋಗಲಿ. ಉದ್ದೇಶವೂ ಕೆಡಲಿಲ್ಲ, ಆಕೆಯ ಬೆನ್ನೂ ಬಾಗಲಿಲ್ಲ.

ಸ್ಪಾನ್ಸರನ ಮೇಲೆ ಬರೀ ಖರ್ಚು ಏರಿಸಿದರೆ ಇದು ಆಗುವುದಿಲ್ಲ. 2025ರ ಸೆಪ್ಟೆಂಬರಿನಲ್ಲಿ ಅಮೆರಿಕ ಸರಕಾರ, ಹೊರಗಿನಿಂದ ಹೊಸದಾಗಿ ಕರೆಸಿಕೊಳ್ಳುವವರ ಎಚ್-1ಬಿ ಅರ್ಜಿಗೆ ಒಂದು ಲಕ್ಷ ಡಾಲರ್ ಶುಲ್ಕ ಘೋಷಿಸಿತು. ದೊಡ್ಡ ಸಾಫ್ಟ್‌ವೇರ್ ಕಂಪೆನಿ ಅದನ್ನು ಕೊಟ್ಟೀತು. ಒಬ್ಬ ಟೀಚರಿನ ಒಂದು ವರ್ಷದ ಸಂಬಳಕ್ಕಿಂತ ಹೆಚ್ಚಿನ ಹಣವನ್ನು ಯಾವ ಹಳ್ಳಿ ಶಾಲೆ ಕೊಟ್ಟೀತು? ಬಾಗಿಲು ಮುಚ್ಚುವುದು ಬೇರೆ, ಒಳಗೆ ಬಂದವಳನ್ನು ನ್ಯಾಯವಾಗಿ ನಡೆಸಿಕೊಳ್ಳುವುದು ಬೇರೆ.

ಈಗಲೂ ಕನ್ನಡ ಸಂಘದ ಕಾರ್ಯಕ್ರಮಗಳಲ್ಲಿ ಯಾರಾದರೂ ಹುಡುಗ ಹುಡುಗಿಯರು ಸಲಹೆ ಕೇಳುವುದುಂಟು. ಇತ್ತೀಚೆಗೆ ಹೆಚ್ಚು ಕೇಳುವುದು ಇಂಗ್ಲೆಂಡಿನ ಬಗ್ಗೆ. 2023ರಿಂದ ಅಲ್ಲಿ ನಮ್ಮ ಗಣಿತ, ವಿಜ್ಞಾನದ ಶಿಕ್ಷಕರ ಅರ್ಹತೆಯನ್ನು ಮಾನ್ಯ ಮಾಡಿಸಿಕೊಳ್ಳುವ ದಾರಿ ತೆರೆದಿದೆ. ನಾನು ಹೋಗಬೇಡಿ ಅನ್ನುವುದಿಲ್ಲ. ನಾಲ್ಕು ಪ್ರಶ್ನೆ ಕೇಳಿ ಅನ್ನುತ್ತೇನೆ. ಶುಲ್ಕ ಯಾರು ಕಟ್ಟುತ್ತಾರೆ, ರಸೀದಿ ಯಾರ ಹೆಸರಿಗೆ? ಕೆಲಸ ಹೋದರೆ ಎಷ್ಟು ದಿನ ಇರಬಹುದು? ಅಲ್ಲಿ ಸಾಮಾನ್ಯವಾಗಿ ಅರವತ್ತು ದಿನ. ಮರಳುವ ಟಿಕೆಟ್ಟು ಯಾರದು? ಪಾಸ್‌ಪೋರ್ಟು ಯಾರ ಪೆಟ್ಟಿಗೆಯಲ್ಲಿರುತ್ತದೆ? ಈ ಪ್ರಶ್ನೆಗಳನ್ನು 2006ರಲ್ಲಿ ಸಾಲದ ಅರ್ಜಿ ಎದುರಿಗಿಟ್ಟುಕೊಂಡು ನಾನೇ ಕೇಳಬಹುದಿತ್ತು. ನಾನು ಕೇಳಿದ್ದು ಒಂದೇ, ನನ್ನ ಬ್ಯಾಂಕಿನ ಹಣಕ್ಕೆ ಜಾಮೀನು ಯಾರು ಅಂತ. ಆಕೆಗೆ ಯಾರು ಜಾಮೀನು ಅಂತ ಕೇಳಲಿಲ್ಲ. ಅರ್ಜಿಯ ನಮೂನೆಯಲ್ಲಿ ಆ ಕಾಲಂ ಇರಲಿಲ್ಲ ಎನ್ನುವುದು ಸಮಜಾಯಿಷಿ ಮಾತ್ರ.

ಮೇಷ್ಟ್ರು ಪೆನ್ಶನ್ನಿನಿಂದ, ಮಗಳು ಟ್ಯೂಶನ್ ಹೇಳಿ, ಸಾಲ ತೀರಿಸಿದರು. ಆಮೇಲೆ ಒಂದು ಕಂತೂ ತಪ್ಪಲಿಲ್ಲ. ಲೆಕ್ಕ ಮುಗಿದ ದಿನ ಜಾಮೀನು ಪತ್ರಕ್ಕೆ ರದ್ದು ಮುದ್ರೆ ಒತ್ತಿ ಅವರ ಕೈಗೆ ಕೊಟ್ಟೆ. ಅವರು ಅದನ್ನು ನಾಲ್ಕಾಗಿ ಮಡಚಿ ಜೇಬಿನಲ್ಲಿಟ್ಟುಕೊಂಡು, "ಇನ್ನು ನಾನು ಯಾರಿಗೂ ಬಾಕಿ ಇಲ್ಲ ಅಲ್ವಾ?" ಎಂದರು. ಇಲ್ಲ ಎಂದೆ. ಅವರು ಬಾಕಿ ಇರಲಿಲ್ಲ, ನಿಜ. ನಾನು ಇದ್ದೆ.